ಕಂಡವರೆಲ್ಲ ಸಾಕ್ಷಿಗಳೇ

ಜಾತಿ ಹಿಡಿದು ಅವಮಾನಿಸುವುದನ್ನು ಅಪರಾಧವೆನ್ನುವ ಕಾನೂನಿನಲ್ಲಿ ಒಂದು ಷರತ್ತಿದೆ. ಆ ಅವಮಾನ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ನಡೆದಿರಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ 1989ರಲ್ಲಿ ಬಂದಾಗ ಅದು ಎಂಥ ಜಾಗವೆಂದು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಬಾವಿಕಟ್ಟೆ, ಚಹಾದಂಗಡಿ, ಬಸ್ ಸ್ಟ್ಯಾಂಡು, ಪಂಚಾಯಿತಿ ಸಭೆ, ಜಮೀನ್ದಾರನ ಮನೆಯಂಗಳ. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು, ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು ಎರಡೂ 1995ರಲ್ಲಿ. ಈಗ ಅದೇ ಬೈಗುಳ ಹಳೇ ಸಹಪಾಠಿಗಳ ವಾಟ್ಸ್ಯಾಪ್ ಗ್ರೂಪಿನಲ್ಲಿ, ರೀಲ್ಸ್ ಕೆಳಗಿನ ಕಾಮೆಂಟಿನಲ್ಲಿ, ಯೂಟ್ಯೂಬ್ ಲೈವ್‌ನಲ್ಲಿ ಬಂದು ಬೀಳುತ್ತಿದೆ. ಆ ಷರತ್ತು ಬಾವಿಕಟ್ಟೆಯಿಂದ ಫೋನಿನ ಪರದೆಗೆ ಹೇಗೆ ಬಂತೆಂದು ನೋಡುತ್ತಾ ಹೋದರೆ, ಇಂಥ ಮಾತು ಎದುರಾದಾಗ ನಾವೇನು ಮಾಡಬೇಕೆಂಬುದೂ ಅಲ್ಲೇ ಸಿಗುತ್ತದೆ.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಅದನ್ನು ಜಾರಿಗೆ ತರಲು 1955ರಲ್ಲಿ ಒಂದು ಕಾನೂನು ಬಂತು. 1976ರಲ್ಲಿ ಅದು ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಎಂಬ ಹೆಸರು ಪಡೆದು ಇನ್ನಷ್ಟು ಬಿಗಿಯಾಯಿತು. ಆದರೂ ನಡೆದದ್ದೆಲ್ಲವನ್ನೂ ಅಸ್ಪೃಶ್ಯತೆಯ ಆಚರಣೆಗೆ ಗಂಟುಹಾಕಿ ತೋರಿಸುವ ಹೊರೆ ಉಳಿದೇ ಇತ್ತು. 1989ರ ಕಾಯ್ದೆ ಅವಮಾನವನ್ನೇ ಒಂದು ದೌರ್ಜನ್ಯವೆಂದು ಕರೆಯಿತು. ಆರು ತಿಂಗಳಿಂದ ಐದು ವರ್ಷದವರೆಗಿನ ಶಿಕ್ಷೆ ಗೊತ್ತುಮಾಡಿತು. ನಾಲ್ಕು ಜನರ ಮುಂದೆ ಮಾನ ಕಳೆಯುವುದೆಂದರೇನು ಎಂದು ನಮ್ಮ ಸಮಾಜಕ್ಕೆ ಚೆನ್ನಾಗಿ ಗೊತ್ತು. ಜಾತಿಯ ಬೈಗುಳ ಗುರಿಯಾದವನ ಕಿವಿಗಷ್ಟೇ ಆಡಿದ್ದಲ್ಲ, ಸುತ್ತ ನಿಂತವರಿಗೂ ಆಡಿದ್ದು. ಇವನ ಜಾಗ ಇದು, ನೆನಪಿಟ್ಟುಕೊಳ್ಳಿ ಎಂದು ಊರಿಗೆಲ್ಲ ಸಾರುವ ಕೆಲಸ ಅದು. ಕಾನೂನು ಈ ನಾಲ್ಕು ಜನರನ್ನು ಮರೆಯಲಿಲ್ಲ. ಅವರಿದ್ದರೇ ಅಪರಾಧ ಎಂದಿತು.

ಹಾಗಾದರೆ ಎಲ್ಲಿ ನಿಂತರೆ ಜನರ ಕಣ್ಣಿಗೆ ಬಿದ್ದಂತೆ? 2008ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇದೇ ಪ್ರಶ್ನೆ ಬಂತು. ದೆಹಲಿಯ ಮನೆಯೊಂದರ ಗೇಟಿನ ಬಳಿ ಕಾರಿನ ಪಕ್ಕ ನಿಂತಿದ್ದ ಕೆಲಸಗಾರನನ್ನು ಜಾತಿ ಹೆಸರು ಹಿಡಿದು ಬೈದ ಆರೋಪ. ಅದು ಖಾಸಗಿ ಜಾಗವಲ್ಲವೇ ಎಂಬ ವಾದಕ್ಕೆ ಕೋರ್ಟು ಕೊಟ್ಟ ಉತ್ತರ ಸರಳವಾಗಿತ್ತು. ಜಾಗ ಯಾರದ್ದೆಂಬುದು ಮುಖ್ಯವಲ್ಲ, ಅಲ್ಲಿ ನಡೆದದ್ದು ಹೊರಗಿನವರಿಗೆ ಕಾಣುತ್ತದೋ ಇಲ್ಲವೋ ಎಂಬುದು ಮುಖ್ಯ. ಕಟ್ಟಡದ ಒಳಗೇ ನಡೆದರೂ ಬಂಧುಮಿತ್ರರಲ್ಲದ ಹೊರಗಿನವರಿದ್ದರೆ ಸಾಕು. ಜಾತಿಯ ಹೆಸರಷ್ಟೇ ಹೇಳಿದ್ದಲ್ಲವೇ ಎಂಬ ಸಮರ್ಥನೆಯನ್ನೂ ಅದೇ ತೀರ್ಪು ಒಪ್ಪಲಿಲ್ಲ. ಇಂದು ಆ ಹೆಸರನ್ನು ಹೀಯಾಳಿಸಲು ಬಳಸುತ್ತಾರೆಂಬ ವಾಸ್ತವವನ್ನು ನೋಡಬೇಕೆಂದಿತು. 2020ರ ಇನ್ನೊಂದು ತೀರ್ಪು ಗಡಿಯನ್ನು ಆಚೆ ಕಡೆಯಿಂದ ಎಳೆಯಿತು: ನಾಲ್ಕು ಗೋಡೆಗಳ ನಡುವೆ, ಹೊರಗಿನವರು ಯಾರೂ ಇಲ್ಲದಾಗ ಆಡಿದ ಮಾತಿಗೆ ಈ ಕಲಂ ಅನ್ವಯಿಸದು.

ಇವೆರಡರ ನಡುವೆ ಕಾಯ್ದೆಯೇ ಬದಲಾಗಿತ್ತು. 2015ರ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಗೆ ಬಂತು. ಜಾತಿ ಹೆಸರು ಹಿಡಿದು ಬೈಯುವುದನ್ನು ಅದು ಬೇರೆಯೇ ಅಪರಾಧವಾಗಿ ಹೆಸರಿಸಿತು. ಬರೆದ ಮಾತು, ಆಡಿದ ಮಾತು, ಸನ್ನೆ, ಚಿತ್ರ ಯಾವುದರಿಂದಲಾದರೂ ಈ ಸಮುದಾಯಗಳ ಮೇಲೆ ದ್ವೇಷ ಹಬ್ಬಿಸುವುದನ್ನೂ ಸೇರಿಸಿತು. ಮೀಮ್ ಎಂಬ ಪದ ಕಾನೂನಿನಲ್ಲಿಲ್ಲ. ಆದರೆ ಮೀಮ್ ಮಾಡುವವರು ತಪ್ಪಿಸಿಕೊಳ್ಳುವ ಸಂದು ಅಲ್ಲಿಗೆ ಕಿರಿದಾಯಿತು.

2020ರ ಲಾಕ್‌ಡೌನ್ ಸಮಯದಲ್ಲಿ ಕ್ರಿಕೆಟಿಗ ಯುವರಾಜ್ ಸಿಂಗ್ ಇನ್‌ಸ್ಟಾಗ್ರಾಂ ಲೈವ್‌ನಲ್ಲಿ ಗೆಳೆಯನ ಜೊತೆ ಹರಟುತ್ತಾ, ಇನ್ನೊಬ್ಬ ಆಟಗಾರನ ಬಗ್ಗೆ ಒಂದು ಜಾತಿಯ ಹೆಸರನ್ನು ಬೈಗುಳವಾಗಿ ಬಳಸಿದರು. ಹರಿಯಾಣದ ಹಾಂಸಿಯಲ್ಲಿ ದೂರು ದಾಖಲಾಯಿತು. ಅವರು ಕ್ಷಮೆ ಕೇಳಿದರು. 2021ರಲ್ಲಿ ಪೊಲೀಸರು ಬಂಧಿಸಿ ಜಾಮೀನಿನ ಮೇಲೆ ಬಿಟ್ಟರು. ಇಬ್ಬರು ಗೆಳೆಯರ ತಮಾಷೆಗೆ ಇಷ್ಟೊಂದೇ ಎಂದು ಆಗ ಬಹಳ ಜನ ಕೇಳಿದರು. ಅಲ್ಲಿದ್ದದ್ದು ಇಬ್ಬರೇ ಆಗಿರಲಿಲ್ಲ. ಆ ಹೆಸರಿನ ಜಾತಿಯಲ್ಲೇ ಹುಟ್ಟಿ, ಅದೇ ಆಟಗಾರರ ಪೋಸ್ಟರ್ ಗೋಡೆಗೆ ಅಂಟಿಸಿಕೊಂಡ ಹುಡುಗರೂ ಆ ಲೈವ್ ನೋಡುವವರಲ್ಲಿ ಇರುತ್ತಾರೆ. ತನ್ನ ಸಮುದಾಯದ ಹೆಸರೇ ನಗೆಯಾಟದ ವಸ್ತುವಾದದ್ದನ್ನು ಕೇಳಿ ಆ ಹುಡುಗ ಯಾರ ಜೊತೆ ನಗಬೇಕು?

2022ರಲ್ಲಿ ಕೇರಳ ಹೈಕೋರ್ಟು ಈ ವಿಷಯವನ್ನು ನೇರವಾಗಿ ಎದುರಿಸಿತು. ಪರಿಶಿಷ್ಟ ಪಂಗಡದ ಮಹಿಳೆಯೊಬ್ಬರನ್ನು ಹೀಯಾಳಿಸುವ ವಿಡಿಯೊವನ್ನು ಒಬ್ಬ ಯೂಟ್ಯೂಬರ್ ಹರಿಬಿಟ್ಟಿದ್ದ. ಚಿತ್ರೀಕರಣದ ವೇಳೆ ಆಕೆ ಅಲ್ಲಿರಲಿಲ್ಲ, ಹಾಗಾಗಿ ಅವಮಾನ ಹೇಗಾಯಿತು ಎಂಬುದು ಅವನ ವಾದ. ಕೋರ್ಟು ನಿರೀಕ್ಷಣಾ ಜಾಮೀನು ಕೊಡಲಿಲ್ಲ. ಅಂತರ್ಜಾಲಕ್ಕೆ ಹಾಕಿದ್ದನ್ನು ಒಬ್ಬರು ತೆರೆದು ನೋಡಿದಾಗಲೆಲ್ಲ ಅವರು ಆ ಘಟನೆಯ ಸ್ಥಳದಲ್ಲೇ ಇದ್ದಂತೆ, ನಿಂದನೆಗೆ ಗುರಿಯಾದವರಿಗೂ ಇದೇ ಮಾತು ಸಲ್ಲುತ್ತದೆ ಎಂದಿತು.

ಈ ಲೇಖನ ಬರೆಯಬೇಕೆನಿಸಿದ್ದೇ ಆ ತರ್ಕದಿಂದ. ಅದನ್ನು ನೋಡುಗನ ಕಡೆಗೆ ತಿರುಗಿಸಿ ನೋಡಿ. ಗುಂಪಿನಲ್ಲಿ ಯಾರೋ ಹಾಕಿದ ಬೈಗುಳವನ್ನು ನಾನು ಓದಿದೆ ಎಂದರೆ ನಾನು ಆ ಬಾವಿಕಟ್ಟೆಯ ಬಳಿ ನಿಂತಿದ್ದೆ. ಆ ನಾಲ್ಕು ಜನರಲ್ಲಿ ನಾನೂ ಒಬ್ಬ. ಬೆರಳಿನಿಂದ ಮೇಲಕ್ಕೆ ಸರಿಸಿ ಮುಂದಿನ ವಿಡಿಯೊಗೆ ಹೋದರೆ, ನಾನು ಅಲ್ಲಿರಲೇ ಇಲ್ಲ ಎಂದಾಗುವುದಿಲ್ಲ.

ಕನ್ನಡದಲ್ಲಿ ಈ ಜಗಳ ಜೋರಾಗಿ ನಡೆದದ್ದು 2023ರ ಆಗಸ್ಟ್‌ನಲ್ಲಿ. ನಟ ಉಪೇಂದ್ರ ಫೇಸ್‌ಬುಕ್ ಲೈವ್‌ನಲ್ಲಿ ಮಾತಾಡುತ್ತಾ, ಊರಿದ್ದಲ್ಲಿ ದಲಿತರ ಕೇರಿ ಇದ್ದೇ ಇರುತ್ತದೆ ಎಂಬರ್ಥದ ಹಳೆಯ ಗಾದೆಯೊಂದನ್ನು ಬಳಸಿದರು. ದೂರುಗಳು ದಾಖಲಾದವು. ಅವರು ವಿಡಿಯೊ ತೆಗೆದುಹಾಕಿ ಕ್ಷಮೆ ಕೇಳಿದರು. ಕರ್ನಾಟಕ ಹೈಕೋರ್ಟು ಪ್ರಕರಣಕ್ಕೆ ತಡೆ ಕೊಟ್ಟಿತು. ಕಾನೂನಿನ ಲೆಕ್ಕ ಕೋರ್ಟಿಗೆ ಬಿಟ್ಟದ್ದು. ನನಗೆ ನೋವಾದದ್ದು ನಂತರ ನಡೆದ ಚರ್ಚೆಯಿಂದ. ಗಾದೆ ತಾನೇ, ನಮ್ಮಜ್ಜಿಯೂ ಹೇಳುತ್ತಿದ್ದಳು ಎಂಬ ಸಮಾಧಾನ ಎಲ್ಲ ಕಡೆ ಕೇಳಿಬಂತು. ಅಜ್ಜಿ ಹೇಳಿದ್ದು ಆ ಕೇರಿಯವರ ಎದುರಿಗೆ, ಅವರು ಎದುರಾಡುವಂತಿಲ್ಲ ಎಂಬ ಭರವಸೆಯಲ್ಲಿ. ಈಗ ಆ ಕೇರಿಯ ಮೊಮ್ಮಕ್ಕಳ ಕೈಯಲ್ಲೂ ಫೋನಿದೆ, ಅವರು ಎದುರಾಡುತ್ತಿದ್ದಾರೆ.

ಎದುರಾಡುವುದಕ್ಕೆ ಕನ್ನಡದಲ್ಲಿ ದೊಡ್ಡ ಪರಂಪರೆಯೇ ಇದೆ. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು 'ಬೂಸಾ' ಎಂದ ಮಾತಿನ ಮೇಲೆ ಎದ್ದ ಗಲಭೆಯಲ್ಲಿ ದಲಿತ ವಿದ್ಯಾರ್ಥಿಗಳು ಹೊಡೆತ ತಿಂದರು. ಆ ಬಿಸಿಯಲ್ಲೇ ದಲಿತ ಚಳವಳಿ ರೂಪುಗೊಂಡಿತು. ಸಿದ್ಧಲಿಂಗಯ್ಯ 1975ರಲ್ಲಿ ತಮ್ಮ ಮೊದಲ ಸಂಕಲನಕ್ಕೆ 'ಹೊಲೆಮಾದಿಗರ ಹಾಡು' ಎಂದು ಹೆಸರಿಟ್ಟರು. ಮೀಸಲಾತಿ ಪಡೆದವರನ್ನು ಚುಚ್ಚಲು ಬಳಸುವ ಮಾತನ್ನೇ ಅರವಿಂದ ಮಾಲಗತ್ತಿ ತಮ್ಮ ಆತ್ಮಕಥನಕ್ಕೆ 'ಗೌರ್ಮೆಂಟ್ ಬ್ರಾಹ್ಮಣ' ಎಂದು ಹಣೆಪಟ್ಟಿಯಾಗಿ ಕಟ್ಟಿದರು. ಬೈಸಿಕೊಂಡವರು ಬೈಗುಳವನ್ನು ಕಿತ್ತುಕೊಂಡು ತಮ್ಮದಾಗಿಸಿಕೊಂಡ ರೀತಿ ಇದು. ಆ ಹಕ್ಕು ಅವರದು ಮಾತ್ರ. ಅವರೇ ಬಳಸುತ್ತಾರಲ್ಲ, ನಾನು ಬಳಸಿದರೇನು ಎನ್ನುವವರು ಆ ಪುಸ್ತಕಗಳನ್ನು ಓದಿಲ್ಲವೆಂದೇ ತಿಳಿಯಬೇಕು.

ಮನಸ್ಸಿಗೆ ಕಹಿಯಾದ ಮಾತೆಲ್ಲ ಅಪರಾಧವಾಗಬಾರದು, ಇದನ್ನೂ ಹೇಳಲೇಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ ಹಿಡಿದು 2012ರಲ್ಲಿ ಪಾಲ್ಘರ್‌ನ ಇಬ್ಬರು ಯುವತಿಯರನ್ನು ಒಂದು ಫೇಸ್‌ಬುಕ್ ಪೋಸ್ಟಿಗಾಗಿ ಬಂಧಿಸಿದ್ದರು. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಆ ಕಲಮನ್ನೇ ಹೊಡೆದುಹಾಕಿದ್ದು ಸರಿಯಾಗಿಯೇ ಇತ್ತು. ಪರಿಶಿಷ್ಟ ಜಾತಿಯವರೊಬ್ಬರನ್ನು ಟೀಕಿಸಿದ ಮಾತ್ರಕ್ಕೆ ಜಾತಿ ನಿಂದನೆಯಾಗದು, ಜಾತಿಯ ಕಾರಣಕ್ಕೇ ಹೀನಾಯಗೊಳಿಸುವ ಉದ್ದೇಶ ಇರಬೇಕೆಂದು 2024ರಲ್ಲಿ ಅದೇ ಕೋರ್ಟು ಹೇಳಿದೆ.

ಆದರೆ ನಿಜವಾದ ಜಾತಿ ನಿಂದನೆಯೇ ಕಣ್ಣಿಗೆ ಬಿದ್ದಾಗ, ಸಾಕ್ಷಿಯ ಕೆಲಸ ಕಷ್ಟದ್ದೇನಲ್ಲ. ಅಳಿಸಿಹೋಗುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಬೇಕು. ಅದರಲ್ಲಿ ಖಾತೆಯ ಹೆಸರು, ದಿನಾಂಕ, ಸಮಯ, ಮುಂಚಿನ ಎರಡು ಮಾತು ಕಾಣಬೇಕು. ಲಿಂಕ್ ಬೇರೆ ಬರೆದಿಟ್ಟುಕೊಳ್ಳಬೇಕು. ಚಿತ್ರವನ್ನು ಹತ್ತು ಗ್ರೂಪಿಗೆ ಕಳಿಸಬಾರದು, ಅದರಿಂದ ಅವಮಾನ ಹತ್ತುಪಟ್ಟಾಗುತ್ತದೆ. ಗುರಿಯಾದವರಿಗೆ ಮೊದಲು ಖಾಸಗಿಯಾಗಿ ಬರೆಯಿರಿ: ನಾನು ನೋಡಿದೆ, ನಿಮ್ಮ ಜೊತೆಗಿದ್ದೇನೆ, ದೂರು ಕೊಡುವುದಾದರೆ ಹೇಳಲು ಬರುತ್ತೇನೆ. ದೂರು ಕೊಡುವುದೋ ಬಿಡುವುದೋ ಅವರ ನಿರ್ಧಾರ. ಗ್ರೂಪ್ ಬಿಟ್ಟುಬಿಡು, ಇಗ್ನೋರ್ ಮಾಡು ಎಂಬ ಸಲಹೆ ಬೇಡ. ಆ ಬೀದಿಯಲ್ಲಿ ನಡೆಯಬೇಡ ಎಂದು ಹಿಂದೆ ಹೇಳುತ್ತಿದ್ದವರ ಮಾತೇ ಅದು.

ಬೈಗುಳ ಬಿದ್ದ ಜಾಗದಲ್ಲೇ ಒಂದು ವಾಕ್ಯವಾದರೂ ಬರೆಯಬೇಕು. ಇದು ಜಾತಿ ನಿಂದನೆ, ತೆಗೆಯಿರಿ ಎಂದಷ್ಟೇ ಸಾಕು. ಬೈದವನ ತಾಯಿಯನ್ನೋ ಜಾತಿಯನ್ನೋ ಎಳೆದು ತರುವುದು ಬೇಡ. ಬೈದವರಿಗೆ ಬುದ್ಧಿ ಬರುತ್ತದೆಂಬ ಖಾತ್ರಿ ನನಗಿಲ್ಲ. ಮೌನವಾಗಿ ಓದುತ್ತಿರುವ ಉಳಿದವರಿಗೆ ಆ ಒಂದು ಸಾಲು ಬೇಕು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಜಾಲತಾಣ ಕಂಪನಿಗಳ ಕುಂದುಕೊರತೆ ಅಧಿಕಾರಿ ದೂರು ಬಂದ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ನಿಗದಿತ ದಿನಗಳೊಳಗೆ ಇತ್ಯರ್ಥ ಮಾಡಬೇಕು. ಕಾನೂನಿನ ದಾರಿಗೆ ಪೊಲೀಸ್ ಠಾಣೆಯಿದೆ, ಕರ್ನಾಟಕದಲ್ಲಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವಿದೆ, ದೌರ್ಜನ್ಯ ತಡೆಗೆಂದೇ 14566 ಸಹಾಯವಾಣಿಯಿದೆ.

ಸಾಕ್ಷಿ ಹೇಳುವುದೆಂದರೆ ಜನ ಹಿಂಜರಿಯುತ್ತಾರೆ. ಅದಕ್ಕೆ ಕಾರಣವೂ ಇದೆ. ಅಂದಿನ ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. 2015ರ ತಿದ್ದುಪಡಿಯಲ್ಲಿ ಸೇರಿದ 15ಎ ಕಲಮನ್ನು ಓದುವಾಗ ನನಗೆ ನೆನಪಾಗುವುದು ಆ ಊರು. ಸಂತ್ರಸ್ತರಿಗಷ್ಟೇ ಅಲ್ಲ, ಸಾಕ್ಷಿಗಳಿಗೂ ಬೆದರಿಕೆ, ಆಮಿಷ, ಹಿಂಸೆಗಳಿಂದ ರಕ್ಷಣೆ ಕೊಡುವುದು ಸರ್ಕಾರದ ಕರ್ತವ್ಯವೆಂದು ಅದು ಹೇಳುತ್ತದೆ. ತನಿಖೆ ಮತ್ತು ವಿಚಾರಣೆಯ ಕಾಲದಲ್ಲಿ ಅವರ ಪ್ರಯಾಣದ ಖರ್ಚು, ಜೀವನದ ಖರ್ಚು ಕೊಡಬೇಕೆನ್ನುತ್ತದೆ. ಸ್ಕ್ರೀನ್‌ಶಾಟ್ ಹಿಡಿದು ಠಾಣೆಗೆ ಹೋಗುವವರು ಈ ಕಲಮಿನ ಸಂಖ್ಯೆಯನ್ನೂ ಬರೆದುಕೊಂಡು ಹೋಗಲಿ.