ಬಳ್ಳಾರಿಯ ಪ್ರಾಗಿತಿಹಾಸ: ಸಂಗ್ರಹಾಲಯ, ಬೆಟ್ಟ ಮತ್ತು ಜನಪದ

ವಸ್ತುಸಂಗ್ರಹಾಲಯವೆಂದರೆ ಶಾಸನ, ವೀರಗಲ್ಲು, ದೇವತಾಶಿಲ್ಪಗಳ ಸಾಲೆಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ಬಳ್ಳಾರಿ ನಗರದಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯವನ್ನು ಆ ಕಲ್ಪನೆಯೊಡನೆ ಪ್ರವೇಶಿಸುವವರಿಗೆ ಓದಲು ಅಕ್ಷರವಾಗಲಿ, ಗುರುತಿಸಲು ದೇವತೆಯಾಗಲಿ ದೊರೆಯುವುದಿಲ್ಲ. ಕಲ್ಲಿನ ಕೊಡಲಿ, ಮಡಕೆಯ ಚೂರುಗಳೇ ಇಲ್ಲಿನ ಆಕರಗಳು. ಇವುಗಳ ಅರ್ಥವನ್ನು ತಿಳಿಯಲು ಪುರಾತತ್ವದ ಜೊತೆಗೆ ಆ ಪ್ರದೇಶದ ಗ್ರಾಮೀಣ ಬದುಕಿನ ಅರಿವೂ ಬೇಕಾಗುತ್ತದೆ. ಆದರೆ ಆ ಅರಿವನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಪ್ರಸ್ತುತ ಲೇಖನದ ವಿಚಾರ.

ಭೂವಿಜ್ಞಾನಿಯಾಗಿದ್ದ ಫೂಟ್ 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಶಿಲಾಯುಗದ ಆಯುಧವನ್ನು ಗುರುತಿಸಿ ಭಾರತೀಯ ಪ್ರಾಗಿತಿಹಾಸದ ಅಧ್ಯಯನಕ್ಕೆ ನಾಂದಿ ಹಾಡಿದನು. ಬಳ್ಳಾರಿ ಜಿಲ್ಲೆಯ ನವಶಿಲಾಯುಗದ ನೆಲೆಗಳನ್ನು ವಿಸ್ತಾರವಾಗಿ ಶೋಧಿಸಿದವನೂ ಅವನೇ. ಅವನ ಸಂಗ್ರಹವನ್ನು 1904ರಲ್ಲಿ ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯ ಕೊಂಡುಕೊಂಡಿತು. ಬಳ್ಳಾರಿಯು 1953ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿದ್ದುದರಿಂದ ಇದು ಸಹಜವೇ. ಆದರೂ ತಮ್ಮ ನೆಲದ ಕೊಡಲಿಯನ್ನು ನೋಡಲು ಇಲ್ಲಿಯವರು ಎಗ್ಮೋರಿಗೆ ಹೋಗಬೇಕಾಯಿತು. ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಅವರ ಶ್ರಮದಿಂದ ರೂಪುಗೊಂಡ ಬಳ್ಳಾರಿಯ ಸಂಗ್ರಹಾಲಯದ ಮಹತ್ವವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಈ ಪ್ರದೇಶದ ಅತ್ಯಂತ ವಿಶಿಷ್ಟ ಅವಶೇಷವೆಂದರೆ ಬೂದಿದಿಬ್ಬ. ಕುಡುತಿನಿಯ ದಿಬ್ಬ ಇವುಗಳಲ್ಲಿ ಪ್ರಸಿದ್ಧವಾದುದು. ಇವು ಪುರಾಣಕಾಲದ ರಾಕ್ಷಸರ ಚಿತಾಭಸ್ಮವೆಂಬ ನಂಬಿಕೆಯನ್ನು ನ್ಯೂಬೋಲ್ಡ್ 19ನೆಯ ಶತಮಾನದ ಪೂರ್ವಾರ್ಧದಲ್ಲಿಯೇ ದಾಖಲಿಸಿದ್ದಾನೆ. ಹಂಪೆಯ ಸಮೀಪದ ನಿಂಬಾಪುರದ ದಿಬ್ಬವನ್ನು ವಾಲಿಯ ದಹನಸ್ಥಳವೆನ್ನುತ್ತಾರೆ. ಸುಟ್ಟ ಸಗಣಿಯ ರಾಶಿಯೆಂದು ಫೂಟ್ ಪ್ರತಿಪಾದಿಸಿದನು. ಆಲ್ಚಿನ್ 1957ರಲ್ಲಿ ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಉತ್ಖನನ ನಡೆಸಿದಾಗ ಗೂಟದ ಬೇಲಿಯ ಗುರುತುಗಳೂ ದನದ ಗೊರಸಿನ ಅಚ್ಚುಗಳೂ ದೊರೆತು, ದಿಬ್ಬವು ಮೂಲತಃ ದನದ ದೊಡ್ಡಿಯೆಂಬುದು ಖಚಿತವಾಯಿತು. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ದೊಡ್ಡಿಯ ಪಕ್ಕದಲ್ಲಿಯೇ ಜನವಸತಿಯನ್ನು ಗುರುತಿಸಿದರು. ಜನಪದರು ಇದನ್ನು ಬೂದಿಯೆಂದು ಸರಿಯಾಗಿಯೇ ಗುರುತಿಸಿದ್ದರು. ಯಾರ ಬೂದಿ ಎಂಬುದಕ್ಕೆ ಮಾತ್ರ ಪುರಾಣವನ್ನು ಆಶ್ರಯಿಸಿದರು. ಪ್ರದರ್ಶನ ಫಲಕಗಳಲ್ಲಿ ಇಂತಹ ಐತಿಹ್ಯವನ್ನು ಮೌಢ್ಯವೆಂದು ಕೈಬಿಡುವುದು ಸರಿಯಲ್ಲ. ದಿಬ್ಬವನ್ನು ಅಸಾಧಾರಣವೆಂದು ಊರವರು ಶತಮಾನಗಳಿಂದ ಗುರುತಿಸಿಕೊಂಡು ಬಂದದ್ದೂ ಅದರ ಚರಿತ್ರೆಯ ಒಂದು ಭಾಗ.

ಸಗಣಿಯನ್ನು ಮತ್ತೆ ಮತ್ತೆ ಸುಟ್ಟದ್ದೇಕೆ? ಆಲ್ಚಿನ್ 1963ರ ತಮ್ಮ ಗ್ರಂಥದಲ್ಲಿ ಇದನ್ನು ಜಾನುವಾರುಗಳಿಗೆ ಸಂಬಂಧಿಸಿದ ಹಬ್ಬದ ಬೆಂಕಿಗಳೊಡನೆ ಹೋಲಿಸಿದರು. ಸಂಕ್ರಾಂತಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುವ ಪದ್ಧತಿ ನಮಗೆ ಕೂಡಲೇ ನೆನಪಾಗುತ್ತದೆ. ಹೋಲಿಕೆ ಆಕರ್ಷಕವಾದುದೇ ಹೌದು. ಆದರೆ ಕಿಚ್ಚು ಹಾಯಿಸುವುದು ಹೆಚ್ಚಾಗಿ ಹಳೆಯ ಮೈಸೂರು ಸೀಮೆಯ ರೂಢಿ. ಬಳ್ಳಾರಿಯ ಕಡೆ ಎತ್ತುಗಳ ಹಬ್ಬವೆಂದರೆ ಕಾರಹುಣ್ಣಿಮೆ. ನಾಲ್ಕು ಸಾವಿರ ವರ್ಷಗಳ ಅಂತರವನ್ನು ಒಂದು ಹಬ್ಬದಿಂದ ತುಂಬಿಬಿಡುವ ಉತ್ಸಾಹಕ್ಕೆ ಕಡಿವಾಣ ಅಗತ್ಯ.

ಇದೇ ಎಚ್ಚರಿಕೆ ಬೀಸುಕಲ್ಲಿನ ವಿಷಯದಲ್ಲಿಯೂ ಬೇಕು. ಗ್ರಾಮೀಣ ಪರಿಕರಗಳ ವಿಭಾಗಗಳಲ್ಲಿ ಬೀಸುಕಲ್ಲು ಸಾಮಾನ್ಯ. ನವಶಿಲಾಯುಗದ ಅರೆಗಲ್ಲನ್ನು ಅದರ ಪೂರ್ವಜನೆಂದು ವಿವರಿಸುವುದೂ ಸುಲಭ. ಆದರೆ ಸಂಗನಕಲ್ಲಿನವರು ಕಾಳನ್ನು ತಿರುಗಿಸಿ ಬೀಸುತ್ತಿರಲಿಲ್ಲ, ತಗ್ಗಾದ ಕಲ್ಲಿನ ಮೇಲೆ ಹಿಂದೆ ಮುಂದೆ ಉಜ್ಜಿ ಅರೆಯುತ್ತಿದ್ದರು. ತಿರುಗುವ ಬೀಸುಕಲ್ಲು ಬಂದದ್ದು ಬಹುಕಾಲದ ಅನಂತರ. ನಮ್ಮ ಬೀಸುವ ಪದಗಳೊಡನೆ ಹೆಣೆದುಕೊಂಡಿರುವ ರಾಗಿಯಾದರೂ ಆಫ್ರಿಕಾ ಮೂಲದ್ದು. ಡೋರಿಯನ್ ಫುಲ್ಲರ್ ಮತ್ತು ಸಂಗಡಿಗರು ಸಂಗನಕಲ್ಲಿನಂತಹ ನೆಲೆಗಳ ಕರಕಲು ಕಾಳುಗಳನ್ನು ಪರಿಶೀಲಿಸಿ ಗುರುತಿಸಿದ ಪ್ರಮುಖ ಬೆಳೆಗಳು ಕೊರಲೆಯಂತಹ ಕಿರುಧಾನ್ಯ, ಹುರುಳಿ ಮತ್ತು ಹೆಸರು. ಕೊರಲೆಯನ್ನು ತುಮಕೂರು, ಚಿತ್ರದುರ್ಗದ ಕಡೆಯ ರೈತರು ಇಂದಿಗೂ ಬೆಳೆಯುತ್ತಾರೆ. ಪರಂಪರೆಯ ಎಳೆಯನ್ನು ಹುಡುಕುವುದಾದರೆ ಬೀಸುಕಲ್ಲಿಗಿಂತ ಈ ಕಾಳಿನಲ್ಲಿ ಹುಡುಕುವುದು ಲೇಸು.

ಸಂಗ್ರಹಾಲಯದಿಂದ ಹೊರಬಂದವರು ನಗರಕ್ಕೆ ಸಮೀಪದ ಸಂಗನಕಲ್ಲು, ಕಪ್ಪಗಲ್ಲು ಬೆಟ್ಟಗಳಿಗೆ ಹೋಗದೆ ಹಿಂದಿರುಗಬಾರದು. ಬಿ. ಸುಬ್ಬರಾವ್ 1946ರಲ್ಲಿಯೂ, ಅನ್ಸಾರಿ ಮತ್ತು ನಾಗರಾಜರಾವ್ 1964-65ರಲ್ಲಿಯೂ ಉತ್ಖನನ ನಡೆಸಿದ ನೆಲೆಯಿದು. ಇಲ್ಲಿಯ ಹಿರೇಗುಡ್ಡ ಡೋಲರೈಟ್ ಕೊಡಲಿಗಳ ಕಮ್ಮಟವೇ ಆಗಿತ್ತು. ಗ್ರಾನೈಟ್ ಬೆಟ್ಟವನ್ನು ಸೀಳಿ ಹಾಯ್ದಿರುವ ಕಪ್ಪು ಡೋಲರೈಟ್ ಪಟ್ಟಿ, ಒಡೆದ ಚಕ್ಕೆಗಳ ರಾಶಿ, ಬಂಡೆಗಳ ಮೇಲಿನ ಮಸೆದ ಗಾಡಿಗಳು ಇವನ್ನೆಲ್ಲ ಒಟ್ಟಿಗೆ ಕಂಡಾಗ ಗಾಜಿನೊಳಗಿನ ಕೊಡಲಿ ತಯಾರಾದ ಬಗೆ ಹಂತಹಂತವಾಗಿ ಸ್ಪಷ್ಟವಾಗುತ್ತದೆ.

ಕಪ್ಪಗಲ್ಲಿನ ಬಂಡೆಗಳ ಮೇಲೆ ಉದ್ದ ಕೊಂಬಿನ ಗೂಳಿಗಳ ಕುಟ್ಟುಚಿತ್ರಗಳು ನೂರಾರಿವೆ. ಫಾಸೆಟ್ 1892ರಲ್ಲಿಯೇ ಇವುಗಳ ಬಗ್ಗೆ ಬರೆದಿದ್ದನು. ಕಲ್ಲಿನಿಂದ ಬಡಿದರೆ ಗಂಟೆಯಂತೆ ನಿನದಿಸುವ ಬಂಡೆಗಳೂ ಅಲ್ಲಿವೆ. ಬಡಿದು ಬಡಿದು ಸವೆದ ಕುಳಿಗಳನ್ನು ಅಧ್ಯಯನ ಮಾಡಿದ ನಿಕೋಲ್ ಬೋಯ್ವಿನ್ ಇವು ನವಶಿಲಾಯುಗದ ಆಚರಣೆಗಳಿಗೆ ಸಂಬಂಧಿಸಿದ್ದಿರಬೇಕೆಂದು 2004ರಲ್ಲಿ ಪ್ರಕಟಿಸಿದರು. ಬೆಟ್ಟದಲ್ಲಿ ನಡೆಯುತ್ತಿದ್ದ ಕಲ್ಲುಗಣಿಗಾರಿಕೆಯಿಂದ ಚಿತ್ರಗಳಿಗೆ ಒದಗಿದ ಹಾನಿಯನ್ನೂ ಅವರು ಅಲ್ಲಿಯೇ ದಾಖಲಿಸಿದ್ದಾರೆ. ಚಿತ್ರವಿರುವ ಬಂಡೆಯನ್ನು ಕಷ್ಟಪಟ್ಟಾದರೂ ಸಂಗ್ರಹಾಲಯಕ್ಕೆ ಸಾಗಿಸಬಹುದು. ನಾದವಿರುವ ಬಂಡೆ ಹಾಗಲ್ಲ: ಅದು ನಿನದಿಸುವುದು ಇತರ ಬಂಡೆಗಳ ಮೇಲೆ ಅದು ನಿಂತಿರುವ ರೀತಿಯನ್ನೂ ಅವಲಂಬಿಸಿದೆ.