ಲೇಸರ್‌ಗೆ ಮೊದಲು ಒಂದು ಒಪಿಡಿ ಚೀಟಿ

ಮೊಡವೆ ಏಳುವುದು ನಿಂತು ವರ್ಷಗಳಾದರೂ ಕೆನ್ನೆಯ ಮೇಲೆ ಉಳಿದುಬಿಟ್ಟ ಗುಳಿಗಳಿಗೆ ಚಿಕಿತ್ಸೆ ಹುಡುಕಿ ಹೊರಟವರು ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಯಾವ ಲೇಸರ್ ಒಳ್ಳೆಯದು, ಒಂದು ಸಿಟ್ಟಿಂಗ್‌ಗೆ ಎಷ್ಟಾಗುತ್ತದೆ? ಹಾಸನ ಜಿಲ್ಲೆಯಲ್ಲಿ ಚನ್ನರಾಯಪಟ್ಟಣದವರು ಬೆಂಗಳೂರಿನ ಬಸ್ಸು ಹತ್ತುವ ಯೋಚನೆ ಮಾಡುತ್ತಾರೆ. ಹೊಳೆನರಸೀಪುರ, ಅರಕಲಗೂಡಿನವರಿಗೆ ಮೈಸೂರು ನೆನಪಾಗುತ್ತದೆ. ಮೊಬೈಲ್ ತೆರೆದರೆ ಆರು ಸಿಟ್ಟಿಂಗ್‌ಗಳ ಪ್ಯಾಕೇಜು, ಈ ವಾರಕ್ಕೆ ಮಾತ್ರ ರಿಯಾಯಿತಿ ಎಂಬ ಜಾಹೀರಾತು ಕಾದಿರುತ್ತದೆ. ಈ ಹುಡುಕಾಟದಲ್ಲಿ ಯಂತ್ರ ಮುಂದೆ, ವೈದ್ಯರು ಹಿಂದೆ. ಅದು ತಿರುವುಮುರುವಾಗಬೇಕು. ಹಳೆಯ ಮೊಡವೆ ಗುರುತಿನ ವಿಷಯದಲ್ಲಿ ಮೊದಲು ತೀರ್ಮಾನವಾಗಬೇಕಾದ್ದು ಅದು ಯಾವ ಬಗೆಯ ಗುರುತು ಎಂಬುದು. ಅದಕ್ಕೆ ದುಬಾರಿ ಯಂತ್ರ ಬೇಡ. ಪಳಗಿದ ಕಣ್ಣು, ಬೆರಳು ಮತ್ತು ಒಳ್ಳೆಯ ಬೆಳಕು ಸಾಕು. ಅಷ್ಟಕ್ಕೆ ಹಾಸನ ದಾಟಿ ಹೋಗಬೇಕಾಗಿಲ್ಲ.

ಮೊಡವೆ ಬಿಟ್ಟುಹೋಗುವ ಗುರುತುಗಳೆಲ್ಲ ಒಂದೇ ಅಲ್ಲ. ಚರ್ಮದ ಮಟ್ಟದಲ್ಲೇ ಇರುವ ಕಂದು ಅಥವಾ ಕೆಂಪು ಕಲೆ ಬರಿಯ ಬಣ್ಣದ ತೊಂದರೆ. ಬಿಸಿಲಿನಿಂದ ಕಾಪಾಡಿಕೊಂಡರೆ, ವೈದ್ಯರು ಬರೆದುಕೊಟ್ಟ ಕ್ರೀಮು ಹಚ್ಚಿದರೆ ಕೆಲವು ತಿಂಗಳಲ್ಲಿ ಅದು ಮಾಸುತ್ತದೆ. ಗುಳಿಯ ಕತೆಯೇ ಬೇರೆ. ಉರಿಯೂತದಲ್ಲಿ ಚರ್ಮದ ಒಳಪದರದ ಕೊಲಾಜೆನ್ ಕರಗಿಹೋಗಿ ಆ ಜಾಗ ತಗ್ಗಾಗಿರುತ್ತದೆ. ಅದಕ್ಕೆ ಮೇಲಿಂದ ಕ್ರೀಮು ಹಚ್ಚುವುದೆಂದರೆ ಪಾಯ ಕುಸಿದ ಗೋಡೆಗೆ ಸುಣ್ಣ ಬಳಿದ ಹಾಗೆ. ಗುಳಿಗಳಲ್ಲೂ ಮೂರು ಬಗೆ. ಸೂಜಿಯಿಂದ ಚುಚ್ಚಿದಂತೆ ಕಿರಿದಾಗಿ ಆಳಕ್ಕಿಳಿದದ್ದು ಐಸ್‌ಪಿಕ್. ತಗ್ಗಿನ ಗುರುತುಗಳಲ್ಲಿ ಶೇ 60ರಿಂದ 70ರಷ್ಟು ಇದೇ ಎಂದು ವೈದ್ಯ ಸಾಹಿತ್ಯ ಹೇಳುತ್ತದೆ. ಅಂಚು ಕಡಿದಂತೆ ನೆಟ್ಟಗಿದ್ದು ತಳ ಅಗಲವಾಗಿದ್ದರೆ ಬಾಕ್ಸ್‌ಕಾರ್. ಅಂಚೇ ಕಾಣದೆ ಕೆನ್ನೆ ಅಲೆಅಲೆಯಾಗಿದ್ದರೆ ರೋಲಿಂಗ್. ಇವು ಒಂದೇ ಕೆನ್ನೆಯಲ್ಲಿ ಬೆರೆತೂ ಇರಬಹುದು. ದವಡೆಯಂಚು, ಎದೆ, ಭುಜದ ಮೇಲೆ ಗುರುತು ತಗ್ಗಾಗುವ ಬದಲು ದಪ್ಪಗೆ ಉಬ್ಬಿದ್ದರೆ ಅದು ಕೀಲಾಯ್ಡ್ ಆಗಿರಬಹುದು. ಆ ಪ್ರವೃತ್ತಿ ಇರುವವರ ಚರ್ಮಕ್ಕೆ ಹೊಸ ಗಾಯ ಮಾಡಿದರೆ ಅದೂ ಉಬ್ಬುವ ಅಪಾಯವಿದೆ.

ಬಗೆ ಗೊತ್ತಾಗದೆ ಚಿಕಿತ್ಸೆ ಗೊತ್ತಾಗದು ಎಂಬುದಕ್ಕೆ ಎರಡು ಉದಾಹರಣೆ ಸಾಕು. ಐಸ್‌ಪಿಕ್ ಗುಳಿಗೆ ಹೇಳಿಮಾಡಿಸಿದ ವಿಧಾನ ಕ್ರಾಸ್. ಕೊರಿಯಾದ ವೈದ್ಯರು 2002ರಲ್ಲಿ ಅದನ್ನು ವಿವರಿಸಿದರು. ಮೊನಚು ಕಡ್ಡಿಯ ತುದಿಯನ್ನು ಶೇ 65ರಿಂದ 100ರ ಟ್ರೈಕ್ಲೋರೋ ಅಸಿಟಿಕ್ ಆಮ್ಲದಲ್ಲಿ ಅದ್ದಿ ಗುಳಿಯ ತಳಕ್ಕಷ್ಟೇ ಒತ್ತಿದರೆ ಕ್ಷಣಗಳಲ್ಲಿ ಆ ಚುಕ್ಕಿ ಬೆಳ್ಳಗಾಗುತ್ತದೆ, ಆಮೇಲೆ ಹಕ್ಕಳೆಗಟ್ಟುತ್ತದೆ, ಒಳಗೆ ಹೊಸ ಕೊಲಾಜೆನ್ ಹುಟ್ಟಿ ಗುಳಿ ನಿಧಾನವಾಗಿ ಮೇಲೇಳುತ್ತದೆ. ಕೆಲಸ ಮಾಡುವುದು ಆಮ್ಲದ ಬಾಟಲಿ, ಕಡ್ಡಿ ಮತ್ತು ನಡುಗದ ಕೈ. ರೋಲಿಂಗ್ ಗುರುತಿನಲ್ಲಿ ಚರ್ಮವನ್ನು ಕೆಳಗಿನಿಂದ ನಾರಿನ ಎಳೆಗಳು ಹಿಡಿದೆಳೆದಿರುತ್ತವೆ. 1995ರಿಂದ ಬಳಕೆಗೆ ಬಂದ ಸಬ್‌ಸಿಷನ್‌ನಲ್ಲಿ ವೈದ್ಯರು ಜಾಗವನ್ನು ಮರಗಟ್ಟಿಸಿ, ಚರ್ಮದಡಿಗೆ ಸೂಜಿ ತೂರಿಸಿ ಆ ಎಳೆಗಳನ್ನು ಕತ್ತರಿಸುತ್ತಾರೆ. ಕೆಲವು ದಿನ ಕೆನ್ನೆ ಊದಿ ನೀಲಿಗಟ್ಟಿರುತ್ತದೆ. ಎಳೆ ಕತ್ತರಿಸದೆ ಮೇಲಿಂದ ಎಷ್ಟು ಸಲ ಲೇಸರ್ ಹಾಯಿಸಿದರೂ ಹಿಡಿದೆಳೆದ ಚರ್ಮ ಪೂರ್ತಿ ಬಿಡಿಸಿಕೊಳ್ಳದು. ಚುಕ್ಕಿಚುಕ್ಕಿಯಾಗಿ ಹಾಯಿಸುವ ಫ್ರಾಕ್ಷನಲ್ ಲೇಸರ್, ಸಣ್ಣ ಸೂಜಿಗಳಿಂದ ಚುಚ್ಚುವ ಮೈಕ್ರೋನೀಡ್ಲಿಂಗ್‌ಗಳಿಗೂ ಅವುಗಳ ಸ್ಥಾನವಿದೆ, ಮುಖ್ಯವಾಗಿ ಆಳವಿಲ್ಲದ ತಗ್ಗುಗಳಲ್ಲಿ. ಎಲ್ಲ ಮುಖಕ್ಕೂ ಎಲ್ಲ ಗುಳಿಗೂ ಒಂದೇ ಮದ್ದು ಎಂದು ಮಾತ್ರ ಅವನ್ನು ಮಾರಲಾಗದು.

ಚಿಕಿತ್ಸೆಗಳ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ ಮೊಡವೆ ಗುರುತಿನ ಚಿಕಿತ್ಸೆಗಳ ಬಗ್ಗೆ 2016ರಲ್ಲಿ ಪ್ರಕಟಿಸಿದ ಪರಾಮರ್ಶೆ 789 ವಯಸ್ಕರಿದ್ದ 24 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿತು. ಪ್ರಯೋಗಗಳು ಚಿಕ್ಕವು, ಸುಧಾರಣೆಯನ್ನು ಅಳೆದ ರೀತಿ ಒಂದೊಂದರಲ್ಲಿ ಒಂದೊಂದು. ಹೀಗಾಗಿ ಗಟ್ಟಿ ಪುರಾವೆ ಸಾಲದು ಎಂಬುದು ಅದರ ತೀರ್ಮಾನ. ಹಾಗಾದರೆ ಚಿಕಿತ್ಸೆಯೇ ವ್ಯರ್ಥವೇ ಎಂದು ಯಾರಾದರೂ ಕೇಳಬಹುದು. ಹಾಗಲ್ಲ. ಪುರಾವೆ ಸಾಲದು ಎಂದರೆ ಪ್ರಯೋಜನವೇ ಇಲ್ಲ ಎಂದಲ್ಲ; ಒಂದು ಯಂತ್ರ ಉಳಿದೆಲ್ಲಕ್ಕಿಂತ ಮೇಲು ಎಂದು ಎದೆತಟ್ಟಿ ಹೇಳುವ ಹಕ್ಕು ಯಾವ ಜಾಹೀರಾತಿಗೂ ಇಲ್ಲ ಎಂದರ್ಥ. ಹಾಗಿರುವಾಗ ಉಳಿಯುವ ಆಸರೆ, ಮುಖವನ್ನು ಕಂಡು ಎರಡು ಮೂರು ವಿಧಾನಗಳನ್ನು ಹದವಾಗಿ ಜೋಡಿಸಬಲ್ಲ ವೈದ್ಯರ ವಿವೇಚನೆಯೇ.

ನಮ್ಮ ಚರ್ಮದ ಬಣ್ಣವೂ ಇದನ್ನೇ ಹೇಳುತ್ತದೆ. ಗೋಧಿ ಬಣ್ಣದಿಂದ ಕಪ್ಪಿನವರೆಗಿನ ಚರ್ಮಕ್ಕೆ ಬಿಸಿ ಅಥವಾ ಗಾಯ ತಗುಲಿದರೆ ಆ ಜಾಗ ಕಪ್ಪಾಗುವ ಸಂಭವ ಬಿಳಿಯರಿಗಿಂತ ಹೆಚ್ಚು; ಆ ಕಪ್ಪು ಮಾಸಲು ತಿಂಗಳುಗಟ್ಟಲೆ ಬೇಕು. ಲೇಸರ್‌ನ ಶಕ್ತಿ ಎಷ್ಟಿರಬೇಕು, ಸಿಟ್ಟಿಂಗ್‌ಗಳ ನಡುವೆ ಎಷ್ಟು ವಾರ ಬಿಡಬೇಕು ಎಂಬುದನ್ನು ತಿಳಿದವರು ನಿರ್ಧರಿಸಬೇಕು. ಬದುಕಿನ ರೀತಿಯನ್ನೂ ಅವರು ಕೇಳಿ ತಿಳಿಯಬೇಕು. ಅರಕಲಗೂಡಿನ ತಂಬಾಕು, ಆಲೂಗಡ್ಡೆ ಹೊಲದಲ್ಲೋ ಚನ್ನರಾಯಪಟ್ಟಣದ ತೆಂಗಿನ ತೋಟದಲ್ಲೋ ದಿನವಿಡೀ ದುಡಿಯುವವರಿಗೆ 'ಬಿಸಿಲಿಗೆ ಹೋಗಬೇಡಿ' ಎಂದರೆ ಸಲಹೆ ಮುಗಿಯಲಿಲ್ಲ. ನಾಟಿ, ಕೊಯ್ಲಿನ ದಿನಗಳನ್ನು ಬಿಟ್ಟು ದಿನ ಗೊತ್ತುಮಾಡುವುದು, ಇಲ್ಲವೇ ಚರ್ಮದ ಮೇಲ್ಪದರವನ್ನು ಸುಡದ ವಿಧಾನ ಆರಿಸುವುದು ಚಿಕಿತ್ಸೆಯದೇ ಭಾಗ.

ಇದಕ್ಕೂ ಮುಂಚೆ ನೋಡಬೇಕಾದ ಎರಡು ಸಂಗತಿಗಳಿವೆ. ಮೊಡವೆ ಇನ್ನೂ ಏಳುತ್ತಿದ್ದರೆ ಅದನ್ನು ಮೊದಲು ಹತೋಟಿಗೆ ತರಬೇಕು. ಇಲ್ಲದಿದ್ದರೆ ಒಂದು ಕಡೆ ಗುಳಿ ತುಂಬುತ್ತಿದ್ದಂತೆ ಇನ್ನೊಂದು ಕಡೆ ಹೊಸದು ಬೀಳುತ್ತದೆ. ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ತೆಗೆದುಕೊಂಡಿದ್ದರೆ ವೈದ್ಯರಿಗೆ ತಪ್ಪದೆ ಹೇಳಬೇಕು. ಗರ್ಭಿಣಿಯರು ಆ ಮಾತ್ರೆಯನ್ನು ಮುಟ್ಟಲೇಬಾರದು. ಎರಡನೆಯದು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಕ್ರೀಮು. ಟ್ಯೂಬಿನ ಮೇಲೆ ಬೆಟಾಮೆಥಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಎಂಬ ಹೆಸರಿದ್ದರೆ ಅದು ಸ್ಟೀರಾಯ್ಡ್. ಮೊದಲ ವಾರ ಮುಖ ಬೆಳ್ಳಗೆ ನುಣುಪಾಗಿ ಕಂಡರೂ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪಾಗುತ್ತದೆ, ಮೊಡವೆ ಮತ್ತಷ್ಟು ಏಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಮಾಡಿದ್ದು ಈ ಕಾರಣಕ್ಕೇ. ಬಹುದಿನ ಹಚ್ಚಿದವರು ತಾವಾಗಿ ಥಟ್ಟನೆ ನಿಲ್ಲಿಸದೆ ಟ್ಯೂಬನ್ನೇ ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಇನ್ನು ವೈದ್ಯರ ಆಯ್ಕೆ. ಬೋರ್ಡಿನ ಮೇಲೆ 'ಸ್ಕಿನ್', 'ಕಾಸ್ಮೆಟಿಕ್', 'ಲೇಸರ್' ಎಂದಿದ್ದ ಮಾತ್ರಕ್ಕೆ ಒಳಗಿರುವವರು ಚರ್ಮರೋಗ ತಜ್ಞರಾಗುವುದಿಲ್ಲ. ಎಂಬಿಬಿಎಸ್ ನಂತರ ಡರ್ಮಟಾಲಜಿಯಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಮಾಡಿದವರು ತಜ್ಞರು; ವಾರಾಂತ್ಯದ ಕೋರ್ಸಿನ ಪ್ರಮಾಣಪತ್ರ ಅದಕ್ಕೆ ಸಮವಲ್ಲ. ಹೆಸರು, ನೋಂದಣಿ ಸಂಖ್ಯೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಪರಿಶೀಲಿಸಬಹುದು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಖಾಸಗಿ ಕ್ಲಿನಿಕ್ಕುಗಳು ನೋಂದಣಿ ಮಾಡಿಸಿ ದರಪಟ್ಟಿಯನ್ನು ಕಾಣುವಂತೆ ಹಾಕಬೇಕು. ಹಾಸನದಲ್ಲಿ 2006ರಲ್ಲಿ ಆರಂಭವಾದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ, ಅಂದರೆ ಹಿಮ್ಸ್‌ನ, ಶ್ರೀ ಚಾಮರಾಜೇಂದ್ರ ಬೋಧಕ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಚನ್ನರಾಯಪಟ್ಟಣದವರಿಗೆ ಹೆದ್ದಾರಿಯಲ್ಲೇ ಸಿಗುವ ಬೆಳ್ಳೂರಿನ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ರೈಲಿನಲ್ಲಿ ಹೋಗಬಲ್ಲ ಹೊಳೆನರಸೀಪುರದವರಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆಯೂ ಇವೆ. ಖಾಸಗಿ ತಜ್ಞರೂ ಆಗಬಹುದು. ಅಳತೆಗೋಲು ಮಾತ್ರ ಒಂದೇ ಇರಲಿ.

ಸರ್ಕಾರಿ ಒಪಿಡಿಯ ಸಾಲಿನಲ್ಲಿ ಕುಷ್ಠ, ಸೋರಿಯಾಸಿಸ್, ಹುಳುಕಡ್ಡಿಯವರ ನಡುವೆ ಹಳೆಯ ಮೊಡವೆ ಗುಳಿಯನ್ನು ಯಾರು ಕೇಳುತ್ತಾರೆ ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಅಲ್ಲಿ ವೈದ್ಯರಿಗೆ ಸಮಯ ಕಡಿಮೆ, ಬೇಕಾದ ಯಂತ್ರವೂ ಇರದಿರಬಹುದು. ಆದರೆ ಮೊದಲ ಭೇಟಿಯಲ್ಲಿ ಬೇಕಾದದ್ದು ಯಂತ್ರವಲ್ಲ. ಚರ್ಮವನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಪಕ್ಕದಿಂದ ಬೆಳಕು ಹಾಯಿಸಿ, ಇದು ಇಂಥ ಗುಳಿ, ಇಂಥ ಕ್ರಮದಲ್ಲಿ ಹೋಗಿ ಎಂದು ಚೀಟಿಯಲ್ಲಿ ಬರೆಯುವಷ್ಟು ಕೆಲಸಕ್ಕೆ ಕೆಲವು ನಿಮಿಷ ಸಾಕು. ಆ ಚೀಟಿ ಹಿಡಿದು ಬೆಂಗಳೂರಿಗೆ ಹೋದವರು ಕೌಂಟರಿನವರು ತೋರಿಸಿದ್ದನ್ನೇ ಕೊಳ್ಳಬೇಕಿಲ್ಲ. ತಮಗೆ ಬೇಕಾದದ್ದನ್ನು ಕೇಳಿ ಪಡೆಯಬಹುದು. ಆಯುರ್ವೇದವಿದೆಯಲ್ಲ, ಹಾಸನದ ತಣ್ಣೀರುಹಳ್ಳದಲ್ಲೇ ಧರ್ಮಸ್ಥಳದವರ ಆಯುರ್ವೇದ ಕಾಲೇಜು ಆಸ್ಪತ್ರೆಯಿದೆ ಎನ್ನುವವರೂ ಉಂಟು. ಪದವಿ ಪಡೆದ ಆಯುರ್ವೇದ ವೈದ್ಯರಲ್ಲಿ ಮೊಡವೆಗೆ ಸಲಹೆ ಕೇಳಬಹುದು. ಆದರೆ ವರ್ಷಗಳ ಹಿಂದೆ ಕುಸಿದ ಆಳದ ಗುಳಿಯನ್ನು ಯಾವ ಲೇಪವೂ ಎತ್ತದು. ನಿಂಬೆರಸ, ಟೂತ್‌ಪೇಸ್ಟಿನಂಥ ಮನೆಮದ್ದಿನಿಂದ ಚರ್ಮ ಸುಟ್ಟುಕೊಳ್ಳುವುದೇ ಹೆಚ್ಚು.

ಮುಖದ ಗುಳಿಗೆ ಇಷ್ಟು ದುಡ್ಡು ಸುರಿಯುವುದು ಶೋಕಿ ಎನ್ನುವ ಹಿರಿಯರ ಮಾತನ್ನೂ ಎದುರಿಸಬೇಕು. ಇದು ಜೀವಕ್ಕೆ ಕುತ್ತಲ್ಲ ನಿಜ. ಸೌಂದರ್ಯದ ಚಿಕಿತ್ಸೆ ಎಂದು ವಿಮೆಯೂ ಸಾಮಾನ್ಯವಾಗಿ ಸಿಗದು. ಆದರೆ ಮದುವೆ, ಕೆಲಸದ ಸಂದರ್ಶನಗಳಲ್ಲಿ ಮುಖವನ್ನೇ ಅಳೆಯುವ ಸಮಾಜ, ಅದನ್ನು ಸರಿಪಡಿಸಿಕೊಳ್ಳುವವರನ್ನು ಶೋಕಿಯೆಂದು ಹಂಗಿಸುವುದು ನ್ಯಾಯವಲ್ಲ. ಖರ್ಚು ತಮ್ಮ ಜೇಬಿನದ್ದಾದ್ದರಿಂದಲೇ ಎಚ್ಚರ ಹೆಚ್ಚು ಬೇಕು. ಎಲ್ಲ ಸಿಟ್ಟಿಂಗ್‌ಗಳ ಹಣವನ್ನು ಮುಂಗಡ ಕಟ್ಟದೆ ಒಂದೊಂದಕ್ಕೇ ಕೊಡುವುದು, ಒಂದೇ ಬೆಳಕಿನಲ್ಲಿ ಮೊದಲು ಮತ್ತು ಆಮೇಲೆ ಫೋಟೊ ತೆಗೆಸುವುದು, ರಸೀದಿ ಮತ್ತು ದಾಖಲೆ ಇಟ್ಟುಕೊಳ್ಳುವುದು ಜಾಣತನ. ಹೊಸ ಕೊಲಾಜೆನ್ ಬೆಳೆಯಲು ತಿಂಗಳುಗಳೇ ಹಿಡಿಯುವುದರಿಂದ ಕೊನೆಯ ಸಿಟ್ಟಿಂಗ್ ಮುಗಿದ ಮಾರನೆಯ ವಾರ ಕನ್ನಡಿ ನೋಡಿ ತೀರ್ಪು ಕೊಡಲಾಗದು. ನಷ್ಟವಾದರೆ ದಾರಿಯಿದೆ: ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ.

ಒಳ್ಳೆಯ ವೈದ್ಯರನ್ನು ಗುರುತಿಸಲು ಒಂದು ಪ್ರಶ್ನೆ ಸಾಕು: ಈ ಚಿಕಿತ್ಸೆಯಿಂದ ಏನು ಆಗುವುದಿಲ್ಲ? ಗುಳಿಯ ಆಳ ಕಡಿಮೆಯಾದೀತು, ಚರ್ಮ ಮೊದಲಿನಂತೆ ಆಗದು, ನಿಮ್ಮ ಬಣ್ಣಕ್ಕೆ ಈ ಅಪಾಯವಿದೆ ಎಂದು ಹೇಳುವವರ ಬಳಿ ನಿಲ್ಲಬಹುದು. ನೂರಕ್ಕೆ ನೂರು ಹೋಗುತ್ತದೆ ಎನ್ನುವವರ ಬಳಿ, ಮುಖ ಮುಟ್ಟಿ ನೋಡುವ ಮೊದಲೇ ಪ್ಯಾಕೇಜು ಮುಂದಿಡುವವರ ಬಳಿ ನಿಲ್ಲಬೇಕಾಗಿಲ್ಲ. ಅವಸರ ಬೇಕಿರುವುದು ಈಗ ಏಳುತ್ತಿರುವ ಮೊಡವೆಗೆ, ಏಕೆಂದರೆ ಅದನ್ನು ಬೇಗ ತಡೆದಷ್ಟೂ ಗುಳಿ ಕಡಿಮೆ. ಹಳೆಯ ಗುಳಿ ಹಾಗಲ್ಲ. ಸರಿಯಾದ ವೈದ್ಯರನ್ನು ಹುಡುಕಲು ಇನ್ನೆರಡು ತಿಂಗಳು ಹಿಡಿದರೂ ಅದು ಈಗಿರುವುದಕ್ಕಿಂತ ಆಳವಾಗುವುದಿಲ್ಲ.