ತೂಕ ಇಳಿಸಿಕೊಂಡವರೆಲ್ಲ ಡಯಟಿಷಿಯನ್ ಅಲ್ಲ

"ಅವರೇ ಹದಿನೆಂಟು ಕೆಜಿ ಇಳಿಸಿದ್ದಾರೆ ಕಣ್ರೀ, ಅವರಿಗಿಂತ ಚೆನ್ನಾಗಿ ಇನ್ಯಾರು ಹೇಳ್ತಾರೆ?" ನಮ್ಮ ಬಡಾವಣೆ ಹೊಸ ತಿಪ್ಪಸಂದ್ರದಲ್ಲಿ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ. ತೂಕ ಇಳಿಸಿಕೊಂಡವರಿಗೆ ಗೊತ್ತಿರುವುದು ಒಂದೇ ದೇಹ, ಅವರದ್ದು.

ನಮ್ಮ ಪಕ್ಕದ ಮನೆಯ ಅಕ್ಕನಿಗೆ 52 ವರ್ಷ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಮಾತ್ರೆ ನುಂಗುತ್ತಾರೆ. ವೆಲ್‌ನೆಸ್ ಕೋಚ್ ಒಬ್ಬರು ಅವರನ್ನು ಬರಿಗಾಲಲ್ಲಿ ಮೆಷಿನ್ ಮೇಲೆ ನಿಲ್ಲಿಸಿ, ದೇಹದ ವಯಸ್ಸು 67 ಎಂಬ ಚೀಟಿ ಕೊಟ್ಟು, ರಾತ್ರಿ ಊಟ ಬಿಟ್ಟು ಶೇಕ್ ಕುಡಿಯಿರಿ ಎಂದರು. ಯಾವ ಮಾತ್ರೆ ತಗೊಳ್ತೀರಿ ಎಂದು ಕೇಳಲೇ ಇಲ್ಲ. ಐದನೇ ರಾತ್ರಿ ಎರಡು ಗಂಟೆಗೆ ಅಕ್ಕ ಬೆವರಿನಲ್ಲಿ ತೊಯ್ದು, ನಡುಗುತ್ತಾ ನಮ್ಮ ಬಾಗಿಲು ಬಡಿದರು. ಗ್ಲೂಕೋಮೀಟರ್ 54 ತೋರಿಸಿತು. ನೀರಿಗೆ ಸಕ್ಕರೆ ಕಲಸಿ ಕುಡಿಸುವಾಗ ನನ್ನ ಕೈಯೂ ನಡುಗುತ್ತಿತ್ತು.

ನಾವು ಉಣ್ಣಲಿ ಬಿಡಲಿ, ಆ ಮಾತ್ರೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಊಟ ತಪ್ಪಿದರೆ ಸಕ್ಕರೆ ಕುಸಿಯುತ್ತದೆ. ಆ ಮೆಷಿನ್ ಮಾಡುವುದು ಪಾದದಿಂದ ಸಣ್ಣ ವಿದ್ಯುತ್ ಹರಿಸಿ ಕೊಬ್ಬನ್ನು ಅಂದಾಜು ಮಾಡುವ ಕೆಲಸ ಮಾತ್ರ. ಎರಡು ಲೋಟ ನೀರು ಕುಡಿದು ನಿಂತರೂ ಅಂಕಿ ಬದಲಾಗಬಹುದು.

ಆಮೇಲೆ ಅಕ್ಕನನ್ನು ಆಸ್ಪತ್ರೆಯ ಡಯಟಿಷಿಯನ್ ಹತ್ತಿರ ಕರೆದುಕೊಂಡು ಹೋದೆ. ಅವರು ಮೊದಲು ಕೇಳಿದ್ದೇ ಮಾತ್ರೆಯ ಸ್ಟ್ರಿಪ್. ನಂತರ ಕ್ರಿಯೇಟಿನಿನ್ ರಿಪೋರ್ಟ್, ರಾತ್ರಿ ಊಟದ ಹೊತ್ತು, ಮುದ್ದೆಯ ಗಾತ್ರ. ಶೇಕ್‌ನ ಯಾವ ಡಬ್ಬಿಯನ್ನೂ ಮಾರಲಿಲ್ಲ.

ಈ ಪ್ರಶ್ನೆಗಳು ಓದಿನಿಂದ ಬಂದವು. ಆಹಾರ ಮತ್ತು ಪೋಷಣೆಯಲ್ಲಿ ಎಂಎಸ್ಸಿ ಅಥವಾ ಡಯಟೆಟಿಕ್ಸ್‌ನಲ್ಲಿ ಸ್ನಾತಕೋತ್ತರ ಡಿಪ್ಲೊಮಾ, ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್, ಅದರ ಮೇಲೆ 1963ರಲ್ಲಿ ಹುಟ್ಟಿದ ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ನಡೆಸುವ ಪರೀಕ್ಷೆ. ಪಾಸಾದವರು ಹೆಸರಿನ ಜೊತೆ ಆರ್‌ಡಿ (ರಿಜಿಸ್ಟರ್ಡ್ ಡಯಟಿಷಿಯನ್) ಎಂದು ಬರೆದುಕೊಳ್ಳುತ್ತಾರೆ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗ ಕಾಯ್ದೆ ಡಯಟಿಷಿಯನ್, ನ್ಯೂಟ್ರಿಷನಿಸ್ಟ್ ಇಬ್ಬರನ್ನೂ ಆರೋಗ್ಯ ವೃತ್ತಿಯವರೆಂದು ಹೆಸರಿಸಿದೆ. ಕೋಚ್ ಎಂದು ಬೋರ್ಡ್ ಹಾಕಿಕೊಳ್ಳಲು ಯಾವ ಪರೀಕ್ಷೆಯೂ ಬೇಕಿಲ್ಲ.

ಇಂಥ ಉಳಿದ ನಂಬಿಕೆಗಳು ಚುಟುಕಾಗಿ. "ರಾಗಿ ಎಷ್ಟು ತಿಂದರೂ ಶುಗರ್ ಏರಲ್ಲ": ಏರುತ್ತದೆ, ರಾಗಿಯ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಪಿಷ್ಟವೇ. "ಎಳನೀರು ಎಲ್ಲರಿಗೂ ಒಳ್ಳೆಯದು": ಕಿಡ್ನಿ ಸೋತವರಿಗೆ ಅದರ ಪೊಟ್ಯಾಸಿಯಂ ಹೃದಯಕ್ಕೇ ಅಪಾಯ ತರಬಹುದು. "ಡಬ್ಬಿ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಲ್ಲ": ಅದು ಆಹಾರ ವ್ಯಾಪಾರದ ಲೈಸೆನ್ಸ್, ಮಾರುವವರ ಓದಿಗೆ ಸರ್ಟಿಫಿಕೇಟ್ ಅಲ್ಲ.

ನನಗೆ ನೋವಾಗುವುದು ನಾವು ದಡ್ಡರಲ್ಲ ಎಂಬುದಕ್ಕೇ. ತಿಪ್ಪಸಂದ್ರ ಮಾರ್ಕೆಟ್ಟಿನಲ್ಲಿ ಇದೇ ಅಕ್ಕ ಅರ್ಧ ಕೆಜಿ ಬೆಂಡೆಕಾಯಿಗೆ ಒಂದೊಂದರ ತುದಿ ಮುರಿದು, ಎಳೆಯದೋ ಬಲಿತದ್ದೋ ನೋಡಿ ಬುಟ್ಟಿಗೆ ಹಾಕುತ್ತಾರೆ. ಅಂಗಡಿಯವರು ಗೊಣಗಿದರೂ ಬಿಡುವುದಿಲ್ಲ. ಮನುಷ್ಯರ ಮುಂದೆ ಮಾತ್ರ ಆ ಬೆರಳು ಯಾಕೋ ಹಿಂಜರಿಯುತ್ತದೆ. ಏನು ಓದಿದ್ದೀರಿ, ಯಾವ ಆಸ್ಪತ್ರೆಯಲ್ಲಿ ಕಲಿತಿರಿ, ಡಬ್ಬಿ ಮಾರಿದರೆ ನಿಮಗೆಷ್ಟು ಸಿಗುತ್ತದೆ? ಈ ಮೂರು ಪ್ರಶ್ನೆ ಕೇಳಿಯೇ ಮುಂದಕ್ಕೆ ಹೋಗಿ. ನಿಜವಾಗಿ ಓದಿದವರು ಬೇಸರಪಡುವುದಿಲ್ಲ.